ಹ್ಯಾನೋವರ್‌ನ ಹಳೆಯ ಡೆಕ್ಕು, ಕಲಬುರಗಿಯ ಕ್ಯಾಸೆಟ್ಟು

ಜರ್ಮನಿಯ ಹ್ಯಾನೋವರ್ ನಗರದಲ್ಲಿ ಲೈನೆ ನದಿಯ ದಂಡೆಗುಂಟ ಪ್ರತಿ ಶನಿವಾರ ಹಳೆಯ ಸಾಮಾನುಗಳ ಸಂತೆ ಕೂಡುತ್ತದೆ. ಅಲ್ಲಿ ನಾನು ಹುಡುಕುವುದು ಎಪ್ಪತ್ತು, ಎಂಬತ್ತರ ದಶಕದ ಕ್ಯಾಸೆಟ್ ಡೆಕ್ಕು ಮತ್ತು ವಿಡಿಯೊ ಟೇಪು ಓಡಿಸುವ ವಿಸಿಆರ್‌ಗಳನ್ನು. ಗ್ರಾಮಫೋನ್ ಪ್ಲೇಟನ್ನು ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ ಊರಿದು; ಟೆಲಿಫುಂಕೆನ್ ಸಂಸ್ಥೆಯ ವಾಲ್ಟರ್ ಬ್ರುಖ್ ಅವರು ಪಾಲ್ ಎಂಬ ವರ್ಣ ಟಿವಿ ಪದ್ಧತಿಯನ್ನು ರೂಪಿಸಿದ್ದೂ ಇಲ್ಲಿಯೇ. 1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದ ಭಾರತ ಅದೇ ಪದ್ಧತಿಯನ್ನು ಆರಿಸಿಕೊಂಡಿದ್ದರಿಂದ, ಕಲಬುರಗಿಯಲ್ಲಿ ಮುದ್ರಿಸಿದ ಮದುವೆಯ ವಿಎಚ್‌ಎಸ್ ಟೇಪು ಇಲ್ಲಿಯ ಹಳೆಯ ವಿಸಿಆರ್‌ನಲ್ಲಿ ನೇರವಾಗಿ ಓಡುತ್ತದೆ. ಅಮೆರಿಕದಲ್ಲಿರುವ ನನ್ನ ಸೋದರಮಾವನಿಗೆ ಈ ಅನುಕೂಲವಿಲ್ಲ, ಅಲ್ಲಿಯದು ಎನ್‌ಟಿಎಸ್‌ಸಿ ಎಂಬ ಬೇರೆ ಪದ್ಧತಿ. ಜರ್ಮನಿಯ ವಿದ್ಯುತ್ತು ಕೂಡ ನಮ್ಮಲ್ಲಿರುವಂತೆ 230 ವೋಲ್ಟ್, 50 ಹರ್ಟ್ಸ್ ಆಗಿರುವುದರಿಂದ ಇಲ್ಲಿ ದುರಸ್ತಿಯಾದ ಡೆಕ್ಕನ್ನು ಊರಿಗೆ ಒಯ್ದು ಹಾಗೆಯೇ ಬಳಸಬಹುದು.

ಸಂತೆಯಿಂದ ತಂದ ಯಂತ್ರವನ್ನು ಮೊದಲು ಸೀರೀಸ್ ಬೋರ್ಡಿಗೆ ಹಚ್ಚುತ್ತೇನೆ. ಯಂತ್ರಕ್ಕೆ ಹೋಗುವ ಕರೆಂಟು ಒಂದು ಬಲ್ಬಿನ ಮೂಲಕವೇ ಹಾಯುವಂತೆ ಮಾಡಿದ, ನಮ್ಮೂರ ರೇಡಿಯೊ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಇರುತ್ತಿದ್ದ ಬೋರ್ಡೇ ಅದು. ಯಂತ್ರದೊಳಗೆ ಶಾರ್ಟ್ ಆಗಿದ್ದರೆ 100 ವ್ಯಾಟಿನ ಫಿಲಮೆಂಟ್ ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ, ಯಂತ್ರ ಸುಡದೆ ಉಳಿಯುತ್ತದೆ. ಇಷ್ಟು ಸರಳವಾಗಿದ್ದೂ ಇಷ್ಟು ನಂಬಿಕೆಗೆ ಅರ್ಹವಾದ ಉಪಕರಣವನ್ನು ನಾನು ಬೇರೆ ಕಂಡಿಲ್ಲ. ಡೆಕ್ಕು ಓಡದಿರಲು ಬಹುಮಟ್ಟಿಗೆ ಬೆಲ್ಟೇ ಕಾರಣ. ಹಳೆಯ ರಬ್ಬರು ಸಡಿಲಾಗುತ್ತದೆ, ಕೆಲವೊಮ್ಮೆ ಡಾಂಬರಿನಂತೆ ಕರಗಿ ಬೆಲ್ಟು ಸುತ್ತುವ ಗಾಲಿಗೆ ಅಂಟಿಕೊಳ್ಳುತ್ತದೆ. ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸಿದ ಮೇಲೆಯೇ ಹೊಸ ಬೆಲ್ಟು ಹಾಕಬೇಕು. ಕ್ಯಾಸೆಟ್ ಟೇಪು ಸೆಕೆಂಡಿಗೆ ಕೇವಲ 4.76 ಸೆಂಟಿಮೀಟರ್ ಸಾಗುವುದರಿಂದ ವೇಗದ ಸಣ್ಣ ಏರುಪೇರನ್ನೂ ಕಿವಿ ಗುರುತಿಸುತ್ತದೆ.

ನನಗೆ ಅತ್ಯಂತ ಪ್ರಿಯವಾದ ಕೆಲಸವೆಂದರೆ ಟೇಪಿನಿಂದ ದನಿಯನ್ನು ಓದುವ ಹೆಡ್ಡಿನ ಅಜಿಮತ್, ಅಂದರೆ ಅದರ ವಾಲುವಿಕೆ, ಹೊಂದಿಸುವುದು. ನಮ್ಮ ಆಯಿ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳನ್ನು ಕಾಕಾ ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಆ ರೆಕಾರ್ಡರಿನ ಹೆಡ್ಡು ತುಸು ವಾಲಿದ್ದಿರಬೇಕು, ಸರಿಯಾಗಿ ಹೊಂದಿಸಿದ ಡೆಕ್ಕಿನಲ್ಲಿ ದನಿ ಮಂಕಾಗಿ ಕೇಳುತ್ತಿತ್ತು. ಹೆಡ್ಡಿನ ಪಕ್ಕದ ಸ್ಕ್ರೂವನ್ನು ತುಸು ತುಸುವೇ ತಿರುಗಿಸಿ ನನ್ನ ಹೆಡ್ಡನ್ನೂ ಅಷ್ಟೇ ವಾಲಿಸಿದಾಗ ಆಯಿಯ ಬಳೆಗಳ ಸದ್ದು ಸಹ ಬಿಡಿಬಿಡಿಯಾಗಿ ಕೇಳಿಸಿತು. ಆ ಸ್ಥಿತಿಯಲ್ಲಿಯೇ ಕಂಪ್ಯೂಟರಿಗೆ ಇಳಿಸಿಕೊಂಡು, ಬಳಿಕ ಹೆಡ್ಡನ್ನು ಮೊದಲಿನಂತೆ ಮಾಡಿದೆ.

ಬೆಂಗಳೂರಿಗೆ ದೂರದರ್ಶನ ತಲುಪುವ ಮೊದಲೇ, 1975ರಲ್ಲಿ, ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದ ಮೂಲಕ ಟಿವಿ ಕಂಡ ಹಳ್ಳಿಗಳು ನಮ್ಮ ಕಲಬುರಗಿ ಜಿಲ್ಲೆಯಲ್ಲಿವೆ. ಅಂಥ ನಾಡಿನ ಮನೆಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಬೇಸಿಗೆಯಲ್ಲಿ ಕಾಯುವ ಪತ್ರಾಸಿನ ಕೆಳಗಿನಿಂದ ತೆಗೆದು ಒಳಕೋಣೆಯ ಅಲಮಾರಿನಲ್ಲಿ ನಿಲ್ಲಿಸಿಡಿ. ವಿಡಿಯೊ ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಓಡಿಸದೆ ಬೇರೆಯಾಗಿ ಇಡಿ, ಏಕೆಂದರೆ ಟೇಪನ್ನು ಓದಲು ನಿಮಿಷಕ್ಕೆ 1500 ಸುತ್ತು ತಿರುಗುವ ವಿಸಿಆರ್ ಡ್ರಮ್ಮಿಗೆ ಅದು ಮೆತ್ತಿಕೊಂಡು ಮುಂದಿನ ಟೇಪುಗಳನ್ನೂ ಕೆಡಿಸುತ್ತದೆ.