ಜಾಕ್ಸನ್ ಬೀದಿಯ ಅಡುಗೆಮನೆ

ಅಟ್ಲಾಂಟಾದಲ್ಲಿರುವ ಮಗಳ ಮನೆಯಿಂದ ಅಲಬಾಮಾ ರಾಜ್ಯದ ಮಾಂಟ್‌ಗಮರಿ ನಗರಕ್ಕೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಅಲ್ಲಿನ ಚರ್ಚೊಂದರ ಸಭಾಪಾಲಕರಾಗಿದ್ದು, ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ವಾಷಿಂಗ್ಟನ್ನಿನ ಜನಸಾಗರವೂ ಅಲ್ಲಿನ ಭಾಷಣವೂ ನೆನಪಾಗುತ್ತವೆ. ಬೆಟಗೇರಿಯ ಸಭಾಪಾಲಕರೊಬ್ಬರ ಮನೆಯಲ್ಲಿ ಬೆಳೆದ ನನಗೆ ಇದ್ದ ಕುತೂಹಲವೇ ಬೇರೆ. ಭಾನುವಾರದ ಪ್ರಸಂಗ, ಮದುವೆ, ಮಣ್ಣು, ರೋಗಿಗಳ ಭೇಟಿ ಎಂದು ದಿನವಿಡೀ ಸಭೆಯವರ ಪಾಲಾಗಿಬಿಡುವ ಪಾಲಕನೊಬ್ಬ ಅದರ ಮೇಲೆ ಒಂದು ಚಳವಳಿಯನ್ನೂ ಹೆಗಲಿಗೇರಿಸಿಕೊಂಡರೆ, ಅವನ ಸ್ವಂತ ಪ್ರಾರ್ಥನೆಗೆ ವೇಳೆ ಎಲ್ಲಿ ಉಳಿಯುತ್ತದೆ?

ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚು ಕೆಂಪು ಇಟ್ಟಿಗೆಯ, ಅಷ್ಟೇನೂ ದೊಡ್ಡದಲ್ಲದ ಕಟ್ಟಡ. ಅದರ ಮೆಟ್ಟಿಲ ಮೇಲೆ ನಿಂತರೆ ರಾಜ್ಯದ ಶಾಸನಸಭೆಯ ಬಿಳಿಯ ಗುಮ್ಮಟ ಕೂಗಳತೆಯಲ್ಲಿದೆ. ಕಿಂಗ್ 1954ರಲ್ಲಿ ಇಲ್ಲಿಗೆ ಪಾಲಕರಾಗಿ ಬಂದಾಗ ಅವರಿಗೆ 25 ವರ್ಷ. ಮರುವರ್ಷ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಮರುದಿನ ಸಂಜೆ ಊರಿನ ಕಪ್ಪು ಜನರ ಮುಖಂಡರು ಸೇರಿ ಬಸ್ ಬಹಿಷ್ಕಾರವನ್ನು ಗಟ್ಟಿ ಮಾಡಿಕೊಂಡದ್ದು ಇದೇ ಚರ್ಚಿನ ನೆಲಮಾಳಿಗೆಯಲ್ಲಿ. ಅದು 381 ದಿನ ನಡೆಯಿತು.

ನಾನು ನೋಡಬೇಕೆಂದು ಬಂದದ್ದು ಮಾತ್ರ ಚರ್ಚನ್ನಲ್ಲ, ಸೌತ್ ಜಾಕ್ಸನ್ ಬೀದಿಯ 309ನೇ ನಂಬರಿನ ಪಾಲಕರ ಮನೆಯನ್ನು. ಬಿಳಿ ಬಣ್ಣದ ಹಲಗೆಯ ಮನೆ, ಮುಂದೊಂದು ಪಡಸಾಲೆ. ಈಗ ಅದು ವಸ್ತುಸಂಗ್ರಹಾಲಯ. ಮಾರ್ಗದರ್ಶಿಯಾಗಿದ್ದ ಹಿರಿಯ ಮಹಿಳೆ ಪಡಸಾಲೆಯಲ್ಲಿ ಬಾಂಬು ಬಿದ್ದ ಗುರುತನ್ನು ತೋರಿಸಿ, ಕೊನೆಗೆ ಅಡುಗೆಮನೆಗೆ ಕರೆದೊಯ್ದಾಗ ನಮ್ಮ ಗುಂಪಿನವರೆಲ್ಲ ತಾವಾಗಿಯೇ ಮಾತು ನಿಲ್ಲಿಸಿದರು. ಒಲೆ, ಪಾತ್ರೆಗಳ ಕಪಾಟು, ನಾಲ್ಕು ಜನ ಕೂತರೆ ಮೊಣಕೈ ತಾಗುವಂಥ ಮೇಜು.

1956ರ ಜನವರಿ 27ರ ನಡುರಾತ್ರಿ ಈ ಮನೆಯ ಫೋನು ಬಾರಿಸಿತು. ಬೆದರಿಕೆಯ ಕರೆಗಳು ದಿನಕ್ಕೆ ಮೂವತ್ತು, ನಲವತ್ತು ಬರುತ್ತಿದ್ದ ಕಾಲ ಅದು. ಹಿಂದಿನ ದಿನವಷ್ಟೇ ಪೊಲೀಸರು ಅತಿವೇಗದ ನೆಪದಲ್ಲಿ ಕಿಂಗ್ ಅವರನ್ನು ಮೊದಲ ಬಾರಿಗೆ ಜೈಲಿಗೆ ಹಾಕಿದ್ದರು. ಆ ಕರೆಯ ನಂತರ ನಿದ್ದೆ ಬರಲಿಲ್ಲ. ಒಳಕೋಣೆಯಲ್ಲಿ ಹೆಂಡತಿ ಕೊರೆಟ್ಟಾ, ಎರಡು ತಿಂಗಳು ದಾಟಿದ ಕೂಸು. ಕಿಂಗ್ ಕಾಫಿ ಕಾಯಿಸಿಕೊಂಡು ಈ ಮೇಜಿನ ಮುಂದೆ ಕೂತು, ಹೇಡಿಯೆನ್ನಿಸಿಕೊಳ್ಳದೆ ಇದರಿಂದ ಹೇಗೆ ಕಳಚಿಕೊಳ್ಳಲಿ ಎಂದು ಯೋಚಿಸಿದರು. ಆಮೇಲೆ ತಲೆಯನ್ನು ಕೈಯಲ್ಲಿಟ್ಟು, ತನಗೆ ಭಯವಾಗಿದೆ, ಬಲ ಉಡುಗಿದೆ ಎಂದು ಗಟ್ಟಿಯಾಗಿಯೇ ಪ್ರಾರ್ಥಿಸಿದರು. ಅವರ ತಂದೆಯೂ ತಾಯಿಯ ತಂದೆಯೂ ಪಾಲಕರೇ. ಅಲ್ಲಿಯವರೆಗೆ ಧರ್ಮವೆಂಬುದು ಅವರಿಗೆ ಮನೆತನದಿಂದ ಬಂದ ಆಸ್ತಿಯಂತಿತ್ತು. ನ್ಯಾಯದ ಪರ ನಿಲ್ಲು ಎಂಬ ಒಳದನಿ ಅಂದು ಕೇಳಿಸಿತೆಂದು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಮೂರು ದಿನಗಳ ನಂತರ ಪಡಸಾಲೆಯ ಮೇಲೆ ಬಾಂಬು ಬಿತ್ತು. ತಾಯಿ, ಮಗು ಇಬ್ಬರೂ ಉಳಿದರು. ಆಯುಧ ಹಿಡಿದು ಮನೆಮುಂದೆ ನೆರೆದ ತಮ್ಮ ಜನರಿಗೆ, ಅವನ್ನು ಮನೆಗೆ ಒಯ್ದಿಡಿ ಎಂದು ಹೇಳುವಷ್ಟು ಶಾಂತಿ ಅವರಿಗೆ ಬಂದದ್ದು ಈ ಮೇಜಿನಿಂದ ಎಂದೇ ನಾನು ತಿಳಿದಿದ್ದೇನೆ.

ಒಬ್ಬಂಟಿ ಪ್ರಾರ್ಥನೆಯೊಂದೇ ಅವರನ್ನು ಹಿಡಿದು ನಿಲ್ಲಿಸಿತು ಎಂದಲ್ಲ. ಬಹಿಷ್ಕಾರದ ಮೊದಲ ತಿಂಗಳುಗಳಲ್ಲಿ ಸೋಮವಾರ, ಗುರುವಾರ ಒಂದೊಂದು ಚರ್ಚಿನಲ್ಲಿ ಸರದಿಯಂತೆ ಸಾಮೂಹಿಕ ಸಭೆಗಳು ನಡೆಯುತ್ತಿದ್ದವು. ದಿನವೆಲ್ಲ ನಡೆದು ಕಾಲು ಸೋತವರು ಸೀಟು ಸಿಗಲೆಂದು ಗಂಟೆಗಟ್ಟಲೆ ಮುಂಚೆ ಬಂದು ಹಾಡುತ್ತ ಕೂರುತ್ತಿದ್ದರು. ಹಾಡು, ಪ್ರಾರ್ಥನೆ, ಸತ್ಯವೇದದ ಪಾಠ ಮುಗಿದ ಮೇಲೆಯೇ ಬಸ್ಸಿನ ಬದಲು ಮಾಡಿಕೊಂಡ ಕಾರುಗಳ ವ್ಯವಸ್ಥೆಯಂಥ ವರದಿಗಳು. ಪಾಲಕನು ಜನರಿಗೆ ಧೈರ್ಯ ಹೇಳಿದ ಎಂದು ಬರೆಯುವುದು ರೂಢಿ. ಆ ಹಾಡು ಪಾಲಕನಿಗೆ ಹೇಳಿದ ಧೈರ್ಯವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲ ಸಾಧನೆಯೂ ಕೈಹತ್ತಿತೆಂದೂ ಅಲ್ಲ. 1959ರಲ್ಲಿ ಭಾರತಕ್ಕೆ ಬಂದುಹೋದ ಮೇಲೆ ಗಾಂಧೀಜಿಯವರಂತೆ ವಾರಕ್ಕೊಂದು ದಿನ ಮೌನಕ್ಕೂ ಧ್ಯಾನಕ್ಕೂ ಮೀಸಲಿಡಬೇಕೆಂದು ಕಿಂಗ್ ಬಯಸಿದರು, ಅದು ನಡೆಯಲಿಲ್ಲ. ನನಗೇಕೋ ಈ ಸೋಲಿನಿಂದ ಅವರು ಇನ್ನಷ್ಟು ಹತ್ತಿರದವರೆನಿಸಿದರು.

ಮರುದಿನ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ದೂರದ ಬರ್ಮಿಂಗ್‌ಹ್ಯಾಮಿಗೆ ಹೋದೆವು. 1963ರಲ್ಲಿ ಅಲ್ಲಿ ವರ್ಣಭೇದದ ವಿರುದ್ಧ ಬೀದಿಗಿಳಿಯಬಯಸಿದ ಪ್ರತಿಯೊಬ್ಬರೂ ಹತ್ತು ಅಂಶಗಳ ಕಾರ್ಡೊಂದಕ್ಕೆ ಸಹಿ ಹಾಕಬೇಕಿತ್ತು. ಯೇಸುವಿನ ಬೋಧನೆ, ಬದುಕುಗಳನ್ನು ದಿನವೂ ಧ್ಯಾನಿಸುವುದು ಅದರ ಮೊದಲ ಅಂಶ. ಬೇಡುವುದು ಗೆಲುವನ್ನಲ್ಲ, ನ್ಯಾಯವನ್ನು ಮತ್ತು ಸಮಾಧಾನವನ್ನು ಎಂಬುದು ಎರಡನೆಯದು. ಮುಷ್ಟಿ, ನಾಲಿಗೆ, ಹೃದಯ ಮೂರರ ಹಿಂಸೆಯನ್ನೂ ತೊರೆಯಬೇಕೆಂದು ಇನ್ನೊಂದು ಅಂಶ ಹೇಳುತ್ತದೆ. ಮೂರರಲ್ಲಿ ನಾಲಿಗೆಯದೇ ಕಷ್ಟವೆಂದು ಪಾಲಕರ ಮನೆಯ ಊಟದ ಪಂಕ್ತಿಯಲ್ಲಿ ಬೆಳೆದ ನಾನು ಬಲ್ಲೆ. ಇದು ತಮ್ಮಿಂದಾಗದು ಎಂದವರನ್ನು ಹೊರಗಟ್ಟಲಿಲ್ಲ. ಟೈಪಿಂಗು, ಫೋನು, ಓಡಾಟದ ಕೆಲಸ ಕೊಟ್ಟರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗಿಯರು ಬಾಂಬಿಗೆ ಬಲಿಯಾದ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನೆದುರು ಕೆಲ್ಲಿ ಇಂಗ್ರಾಮ್ ಉದ್ಯಾನವಿದೆ. ಆ ವರ್ಷದ ಏಪ್ರಿಲ್ 7ರಂದು, ಈಸ್ಟರಿನ ಹಿಂದಿನ ಗರಿಗಳ ಭಾನುವಾರ, ಮೆರವಣಿಗೆಯನ್ನು ಮುನ್ನಡೆಸಿದ ಮೂವರು ಪಾಲಕರು ಅಲ್ಲಿ ಸುಣ್ಣಕಲ್ಲಿನ ಶಿಲ್ಪವಾಗಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ. ಮಗಳು ಬಹಳ ಹೊತ್ತು ನೋಡಿ, “ಅಜ್ಜಾರೂ ಹಿಂಗ ಮೊಣಕಾಲೂರತಿದ್ರಲ್ಲಾ ಅಪ್ಪಾ?” ಎಂದಳು.

“ಹೌದವಾ, ಆದ್ರ ಕೆಳಗ ಕಂಬಳಿ ಹಾಸ್ಕೊಂತಿದ್ರು. ನಸುಕಿನ್ಯಾಗ ನೆಲಾ ಭಾಳ ಥಂಡಿ ಇರ್ತಿತ್ತು” ಎಂದೆ.