ಹೋಂಸ್ಟೇ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ನೋಡುವಾಗ

ಚಿಕ್ಕಮಗಳೂರಿನ ಹತ್ತಿರ ಒಂದು ಹೋಂಸ್ಟೇ ನೋಡಿಕೊಳ್ಳುತ್ತೇನೆ. ಮುಳ್ಳಯ್ಯನಗಿರಿ ನೋಡೋಕೆ ಬರುವವರು ಬಹುಪಾಲು ಬೆಂಗಳೂರಿನವರೇ, ಆದರೆ ಕಾಫಿ ಕೊಯ್ಲಿನ ಸಮಯದಲ್ಲಿ ವಿದೇಶಿಯರೂ ಬರುತ್ತಾರೆ. ಕೌಂಟರ್‌ಗೆ ಹೊಸ ಹುಡುಗರು ಸೇರಿದರೆ ನಾನು ಮೊದಲು ಹೇಳಿಕೊಡೋದು ಸಿ ಫಾರ್ಮ್, ಅಂದರೆ ವಿದೇಶಿ ಗೆಸ್ಟ್ ನಮ್ಮಲ್ಲಿ ಉಳಿದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಫಾರ್ಮ್. "ಅಣ್ಣ, ಏರ್‌ಪೋರ್ಟ್‌ನಲ್ಲೇ ಚೆಕ್ ಮಾಡಿ ಬಿಟ್ಟಿರ್ತಾರಲ್ಲ, ಮತ್ತೆ ನಾವ್ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ.

ಏರ್‌ಪೋರ್ಟ್‌ನಲ್ಲಿ ಇಮಿಗ್ರೇಷನ್‌ನವರು ಪಾಸ್‌ಪೋರ್ಟ್, ವೀಸಾ ನೋಡಿ, ಬೆರಳಚ್ಚು ತಗೊಂಡು, ಮುದ್ರೆ ಒತ್ತಿ ಒಳಗೆ ಬಿಡುತ್ತಾರೆ. ಆಮೇಲೆ ಆ ಮನುಷ್ಯ ಎಲ್ಲಿದ್ದಾನೆ ಅಂತ ಗೊತ್ತಾಗೋದು ನಾವು ಕಳಿಸುವ ಮಾಹಿತಿಯಿಂದಲೇ. ವಿದೇಶಿಯರು ಬಂದ 24 ಗಂಟೆಯೊಳಗೆ ಸಿ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು. ಬೆಂಗಳೂರಿನಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವ ಎಫ್‌ಆರ್‌ಆರ್‌ಒ ಕಚೇರಿ ಇದೆ, ಜಿಲ್ಲೆಯಲ್ಲಿ ಆ ಜವಾಬ್ದಾರಿ ಎಸ್‌ಪಿಯವರದು. ದುಡ್ಡು ತಗೊಳ್ಳದೆ ಮನೆಯಲ್ಲಿ ಸ್ನೇಹಿತರನ್ನು ಉಳಿಸಿಕೊಂಡರೂ ಇದು ಅನ್ವಯಿಸುತ್ತದೆ. ನಮ್ಮ ಕಡೆ ಎಷ್ಟೋ ತೋಟದ ಮನೆಯವರಿಗೆ ಇದು ಗೊತ್ತೇ ಇಲ್ಲ. ಗಿರಿ ಕಡೆ ನೆಟ್‌ವರ್ಕ್ ಸಿಗಲ್ಲ, ಮಳೆ ಬಂದರೆ ಕರೆಂಟ್ ಇರಲ್ಲ, ಆದರೂ ಗಡುವು ನಿಲ್ಲೋದಿಲ್ಲ. ಹಾಗಾಗಿ ಪಾಸ್‌ಪೋರ್ಟ್, ವೀಸಾ, ಮುದ್ರೆ ಮೂರರದ್ದೂ ಫೋಟೋ ತೆಗೆದುಕೊಂಡು ಟೌನ್‌ಗೆ ಇಳಿದು ಅಪ್‌ಲೋಡ್ ಮಾಡಿ ಅಂತ ಹೇಳಿಟ್ಟಿದ್ದೇನೆ.

ಮುದ್ರೆಯ ಫೋಟೋ ಯಾಕೆ ಅಂದರೆ, ಹೋದ ಸೀಸನ್‌ನಲ್ಲಿ ನಮ್ಮ ಹುಡುಗ ಒಬ್ಬ ಗೆಸ್ಟ್‌ನ ಇ-ವೀಸಾ ಪ್ರಿಂಟ್ ಹಿಡಿದುಕೊಂಡು ಓಡಿ ಬಂದ. ಎಕ್ಸ್‌ಪೈರಿ ಮುಗಿದು ನಾಲ್ಕು ದಿನ ಆಗಿದೆ, ಪೊಲೀಸರಿಗೆ ಫೋನ್ ಮಾಡ್ಲಾ ಅಂತ ಕೇಳಿದ. ಅದು 30 ದಿನದ ಟೂರಿಸ್ಟ್ ವೀಸಾ. ಅದರ ಮೇಲಿರುವ ಎಕ್ಸ್‌ಪೈರಿ ತಾರೀಖು ದೇಶದೊಳಗೆ ಬರೋದಕ್ಕೆ ಇರುವ ಗಡುವು. ಉಳಿಯುವ 30 ದಿನದ ಲೆಕ್ಕ ಬಂದಿಳಿದ ದಿನದಿಂದ ಶುರು. ಮುದ್ರೆ ನೋಡಿ ಬೆರಳಲ್ಲಿ ಎಣಿಸಿದೆವು, ಆ ಹೆಂಗಸಿಗೆ ಇನ್ನೂ ಒಂದು ವಾರಕ್ಕಿಂತ ಜಾಸ್ತಿ ಟೈಮ್ ಇತ್ತು. ಯಾವ ತಪ್ಪೂ ಮಾಡದೆ ಬಂದವರನ್ನು ಕಳ್ಳರ ಥರ ನೋಡೋದು ನನಗೆ ಸಹಿಸೋಕೆ ಆಗಲ್ಲ.

ಹಾಗಂತ ಸಡಿಲ ಬಿಡೋಕೂ ಆಗಲ್ಲ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ, 1920, 1939, 1946 ಮತ್ತು 2000ದ ನಾಲ್ಕು ಹಳೇ ಕಾಯ್ದೆಗಳು ಹೋದವು. ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದರೆ 2ರಿಂದ 7 ವರ್ಷ ಜೈಲು, ಜೊತೆಗೆ 1ರಿಂದ 10 ಲಕ್ಷ ದಂಡ. ವೀಸಾ ಮುಗಿದ ಮೇಲೂ ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ, ಅಥವಾ ಎರಡೂ.

ನನಗೆ ನಿಜವಾಗಿ ಚಿಂತೆ ಇರೋದು ಇನ್ನೊಂದು ವಿಷಯದ ಬಗ್ಗೆ. ಕೆಲವು ಹೋಂಸ್ಟೇಯವರು ಟೂರಿಸ್ಟ್ ವೀಸಾದಲ್ಲಿ ಬಂದ ಹುಡುಗ ಹುಡುಗಿಯರಿಗೆ ಊಟ, ರೂಮು ಕೊಟ್ಟು ಬದಲಿಗೆ ಅಡುಗೆಮನೆಯಲ್ಲಿ ಕೈಜೋಡಿಸೋಕೆ, ಗೋಡೆಗೆ ಚಿತ್ರ ಬರೆಯೋಕೆ, ಯೋಗ ಹೇಳಿಕೊಡೋಕೆ ಹಚ್ಚುತ್ತಾರೆ. ಸಂಬಳ ಇಲ್ಲವಲ್ಲ, ಸುಮ್ನೆ ಖುಷಿಗೆ ಮಾಡ್ತಾರೆ ಅಂತಾರೆ. ಟೂರಿಸ್ಟ್ ವೀಸಾ ಸುತ್ತಾಡೋಕೆ, ನೆಂಟರು ಸ್ನೇಹಿತರನ್ನು ನೋಡೋಕೆ ಇರೋದು. ಯೋಗ ಕಲಿಯುವ ಚಿಕ್ಕ ಶಿಬಿರಕ್ಕೆ ಸೇರಬಹುದು, ಕೆಲಸ ಮಾಡೋ ಹಾಗಿಲ್ಲ. ಹಿಡಿದರೆ ಸಿಕ್ಕಿಬೀಳೋದು ದೂರದ ಊರಿಂದ ನಂಬಿ ಬಂದ ಆ ಮಕ್ಕಳು. ಅವರನ್ನು ವಾಪಸ್ ಕಳಿಸಬಹುದು, ಮುಂದೆ ವೀಸಾ ಸಿಗದ ಹಾಗೂ ಆಗಬಹುದು. ಕೇಳಿಕೊಂಡು ಬಂದವರಿಗೆ ನಾನು ಇಲ್ಲ ಅಂದೇ ಕಳಿಸಿದ್ದೇನೆ.

ಮೊಬೈಲ್‌ನಲ್ಲಿ ಪಾಸ್‌ಪೋರ್ಟ್ ಫೋಟೋ ತೋರಿಸಿದರೆ ಒಪ್ಪಬೇಡಿ, ಒರಿಜಿನಲ್ ಕೇಳಿ. ಫೋಟೋ ಮತ್ತು ಮುಖ ಹೊಂದುತ್ತಾ ನೋಡಿ. ಅನುಮಾನ ಬಂದರೆ ನೀವೇ ವಿಚಾರಣೆಗೆ ಇಳಿಯಬೇಡಿ, ಠಾಣೆಗೆ ತಿಳಿಸಿ. ನೋಡಿದ ಮೇಲೆ ಪಾಸ್‌ಪೋರ್ಟನ್ನು ಡ್ರಾದಲ್ಲಿ ಇಟ್ಟುಕೊಳ್ಳದೆ ಆಗಲೇ ಅವರ ಕೈಗೆ ಕೊಟ್ಟುಬಿಡಿ.