ಟಿ.ವಿ. ಗೋಡೆ, ಮೂರನೇ ವಾರ: ಬೆಂಡಿನಲ್ಲಿ ಸಿಕ್ಕಿಬಿದ್ದ ಎಚ್‌ಡಿಎಂಐ

ಟಿ.ವಿ.ಯನ್ನು ಗೋಡೆಗೆ ತೂಗುಹಾಕಿ, ಅದರ ತಂತಿಗಳನ್ನು ಗೋಡೆಯೊಳಗಿನ ಪೈಪುಗಳಲ್ಲಿ ಅಡಗಿಸಲು ಹೊರಟಿದ್ದೇನೆ. ಕಳೆದ ಭಾನುವಾರ ಬಣ್ಣ ಬಳಿದು ಮುಗಿಸಿದ್ದ ಗೋಡೆಯನ್ನು ಈ ಭಾನುವಾರ ನಾನೇ ಉಳಿ ಹಿಡಿದು ಒಡೆದಿದ್ದೇನೆ. ಬ್ರಾಕೆಟ್ ಕೂರಿಸುವುದು, ಸಾಕೆಟ್ಟಿನ ಮೆಟಲ್ ಬಾಕ್ಸ್ ಹೂಳುವುದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ನನ್ನ ಮೂರು ವಾರ ನುಂಗಿದ ಒಂದು ಬೆಂಡಿನ, ಅಂದರೆ ಪೈಪಿನ ತಿರುವಿನ ಬಗ್ಗೆಯೇ ಬರೆಯುತ್ತೇನೆ.

ಸಾಕೆಟ್‌ಗಳ ಬಗ್ಗೆ ಮಾತ್ರ ಒಂದು ಮಾತು. 55 ಇಂಚಿನ ಟಿ.ವಿ.ಯ ಹಿಂದೆ ನನಗೆ ಉಳಿದ ಸಂದು 30 ಮಿ.ಮೀ.; ಮೂರು ಪಿನ್ನಿನ ಪ್ಲಗ್ ಅದಕ್ಕಿಂತ ಹೆಚ್ಚು ಮುಂದಕ್ಕೆ ಚಾಚುತ್ತದೆ. ಹೀಗಾಗಿ ಸಾಕೆಟ್‌ಗಳನ್ನು ನಟ್ಟನಡುವೆ ಇಡದೆ, ಟಿ.ವಿ.ಯ ಬೆನ್ನು ತೆಳ್ಳಗಿರುವ ಮೇಲ್ಭಾಗದಲ್ಲಿ, ಬ್ರಾಕೆಟ್ಟಿನ ಎಡಕ್ಕೆ ಇಟ್ಟೆ. ಕರೆಂಟಿನ ಪೈಪಿಗೂ ಸಿಗ್ನಲ್ ಪೈಪುಗಳಿಗೂ ನಡುವೆ ಒಂದು ಗೇಣು ಅಂತರವಿದೆ. ಇಷ್ಟು ಸರಿಯಾಗಿಯೇ ಆಯಿತು.

ಎಡವಿದ್ದು ಎಚ್‌ಡಿಎಂಐ, ಅಂದರೆ ಟಿ.ವಿ.ಗೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಕೇಬಲ್ಲಿನ ಪೈಪಿನಲ್ಲಿ. ಟಿ.ವಿ.ಯ ಹಿಂದಿನಿಂದ ಕೆಳಗಿಳಿದು, ನೆಲಕ್ಕೆ ಒಂದಡಿ ಮೇಲೆ ಎಲ್ಬೋದಲ್ಲಿ (ಮೊಣಕೈಯಂತೆ ಥಟ್ಟನೆ ತಿರುಗುವ ಗಿಡ್ಡ ಬೆಂಡು) ಎಡಕ್ಕೆ ತಿರುಗಿ, ಮೂಲೆಯ ಕಪಾಟಿನಲ್ಲಿರುವ ಸೆಟ್‌ಟಾಪ್ ಬಾಕ್ಸಿಗೆ ಹೋಗುವಂತೆ 25 ಮಿ.ಮೀ. ಪೈಪು ಹೂತಿದ್ದೆ. ಪಕ್ಕದ ಪೈಪಿನಲ್ಲಿ ಇಂಟರ್ನೆಟ್ಟಿನ ಕ್ಯಾಟ್ 6 ಮತ್ತು ಡಿಷ್ಷಿನ ಕೇಬಲ್ ಸಲೀಸಾಗಿ ಬಂದವು, ಏಕೆಂದರೆ ಅವುಗಳಿಗೆ ತಲೆ, ಅಂದರೆ ತುದಿಯ ಪ್ಲಗ್ ಹಾಕುವುದು ಎಳೆದ ಮೇಲೆ. ಎಚ್‌ಡಿಎಂಐ ಹುಟ್ಟುವಾಗಲೇ ತಲೆ ಹೊತ್ತು ಬರುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನಿಂದ ದಾರ ಹೀರಿಸಿ, ದಾರಕ್ಕೆ ನೈಲಾನ್ ಹಗ್ಗ ಕಟ್ಟಿ, ಅಮ್ಮನ ಪೌಡರ್ ಡಬ್ಬಿ ಅರ್ಧ ಖಾಲಿ ಮಾಡಿ ಎಳೆದೆ. ನಾಲ್ಕಡಿ ಸರಾಗವಾಗಿ ಇಳಿದ ತಲೆ ಎಲ್ಬೋ ಮುಟ್ಟಿದೊಡನೆ ನಿಂತುಬಿಟ್ಟಿತು. ಇನ್ನಷ್ಟು ಜಗ್ಗಿದಾಗ ಕೈಗೆ ಬಂದದ್ದು ಹಗ್ಗ ಮಾತ್ರ. ಅದರ ತುದಿಯಲ್ಲಿ ಇನ್ಸುಲೇಶನ್ ಟೇಪು ಹಾವಿನ ಪೊರೆಯಂತೆ ಸುಲಿದುಕೊಂಡು ನೇತಾಡುತ್ತಿತ್ತು.

ಆಮೇಲೆ ಅಳತೆ ಹಿಡಿದೆ, ಮೊದಲೇ ಹಿಡಿಯಬೇಕಿತ್ತು. ತಲೆಯ ಅಗಲ 19, ದಪ್ಪ 9 ಮಿ.ಮೀ., ಕರ್ಣ ಸುಮಾರು 21; ಪೈಪಿನ ಒಳವ್ಯಾಸ 21.5. ನೇರ ದಾರಿಯಲ್ಲಿ ಕೂದಲೆಳೆಯ ಅಂತರದಲ್ಲಿ ಪಾರಾದ ತಲೆ, ಹಿಂದಿನ ಗಟ್ಟಿ ರಬ್ಬರ್ ಕತ್ತೂ ಸೇರಿ 45 ಮಿ.ಮೀ. ಉದ್ದವಿದ್ದುದರಿಂದ ತಿರುವಿನಲ್ಲಿ ಹೊರಳಲು ಜಾಗವೇ ಇರಲಿಲ್ಲ. 50 ಮಿ.ಮೀ. ಪೈಪು ಹಾಕೋಣವೆಂದರೆ ಗೋಡೆ ನಾಲ್ಕಿಂಚಿನ ಬ್ಲಾಕಿನದು. ಅದರ ದಪ್ಪದ ಮೂರನೇ ಒಂದು ಭಾಗಕ್ಕಿಂತ ಆಳ ಕೊರೆಯುವ ಧೈರ್ಯ ನನಗಿಲ್ಲ, ಅಡ್ಡಡ್ಡ ಕೊರೆಯುವುದಂತೂ ಇನ್ನೂ ಕೆಟ್ಟದ್ದು. ಪ್ಲಾಸ್ಟರ್ ಸೇರಿಸಿಕೊಂಡರೆ 32 ಮಿ.ಮೀ. ಹಿಡಿಸುತ್ತದೆ, ಆದರೆ ಅದಕ್ಕೆ ನಿಧಾನವಾಗಿ ಬಾಗುವ ಲಾಂಗ್ ಬೆಂಡ್ ಬೇಕು.

ಅದನ್ನು ಕೇಳಿದರೆ ಅಂಗಡಿಯವರು ಮೂರು ದಿನ "ನಾಳೆ ಬನ್ನಿ ಸಾರ್" ಎಂದರು. ದೆವ್ವ ಓಡಿಸಲು ಬಾಗಿಲ ಮೇಲೆ ಬರೆಯುತ್ತಿದ್ದ "ನಾಳೆ ಬಾ" ಗಿರಾಕಿಗಳ ಮೇಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕನೆಯ ದಿನ ಕೊಟ್ಟದ್ದು ಅದೇ ಗಿಡ್ಡ ಎಲ್ಬೋ, ಆದರೆ ಬೇರೆ ಬಣ್ಣದ್ದು.

ಇದನ್ನೆಲ್ಲ ನೋಡುತ್ತಾ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ, "ಆ ಡಬ್ಬಾನೇ ಟಿ.ವಿ. ಕೆಳಗೆ ತಂದಿಟ್ರೆ ಆಗಲ್ವೇನೋ?" ಎಂದರು. ಆಗುತ್ತದೆ! ಸೆಟ್‌ಟಾಪ್ ಬಾಕ್ಸೇ ಕೆಳಗೆ ಬಂದರೆ ಬೆಂಡೇ ಬೇಡ. ಈಗ 32 ಮಿ.ಮೀ. ಪೈಪು ಮೇಲಿಂದ ನೆಟ್ಟಗೆ ಇಳಿದು ಕೆಳಗಿನ ಟಿ.ವಿ. ಸ್ಟ್ಯಾಂಡಿನ ಹಿಂದೆ ಬಾಯಿ ತೆರೆಯುತ್ತದೆ. ಕೇಬಲ್ ಒಂದು ನಿಮಿಷವೂ ಹಿಡಿಯದೆ ಇಳಿಯಿತು. ಸಿಮೆಂಟ್ ಮುಚ್ಚುವ ಮೊದಲೇ 4ಕೆ, 60 ಹರ್ಟ್ಸ್ ಚಿತ್ರವನ್ನು ಒಂದು ಗಂಟೆ ಓಡಿಸಿ ನೋಡಿದೆ; ಒಮ್ಮೆಯೂ ಮಿಣುಕಲಿಲ್ಲ. ಕೇಬಲ್ 5 ಮೀಟರಿನದು. ಇದಕ್ಕಿಂತ ಉದ್ದ ಬೇಕಿದ್ದವರು ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಆಪ್ಟಿಕಲ್ ಕೇಬಲ್ ನೋಡುವುದು ಒಳ್ಳೆಯದು, ಆದರೆ ಅದಕ್ಕೆ ದಿಕ್ಕಿದೆ: ಒಂದು ತುದಿ ಬಾಕ್ಸಿಗೆ, ಇನ್ನೊಂದು ಟಿ.ವಿ.ಗೆ. ತಿರುಗುಮುರುಗಾಗಿ ಎಳೆದರೆ ಮತ್ತೆ ಉಳಿಯೇ ಗತಿ.

ಧೂಳು ಹೇಗೂ ಎದ್ದಿದೆಯಲ್ಲ ಎಂದು ಹಿಂಬದಿಯ ಸ್ಪೀಕರ್‌ಗಳ ತಂತಿಗೆ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಹಿಂದೆ ಜಾಗವಿದೆಯೇ ಎಂದು ತಟ್ಟಿ ನೋಡಿದೆ. ಸೋಫಾದ ಹಿಂದೆ ಎರಡು ಟೈಲ್ಸ್ ಟೊಳ್ಳಾಗಿ ಸದ್ದು ಮಾಡಿದವು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಪುಟ್ಟಿ ಒಣಗುತ್ತಿದೆ. ಪೈಪಿನೊಳಗೆ ಮುಂದಿನ ಕೇಬಲ್ಲಿಗಾಗಿ ಒಂದು ದಾರ ಬಿಟ್ಟು, ಒಳಗೆ ಜಾರದಂತೆ ಎರಡೂ ತುದಿಗೆ ಐಸ್‌ಕ್ರೀಮ್ ಕಡ್ಡಿ ಕಟ್ಟಿದ್ದೇನೆ.